ಹಲ್ಲಿಗೂ ಬೆನ್ನಿಗೂ ಒಂದೇ ಮೂಳೆ ಸಾಲದೇ?

ಪ್ರಶ್ನೆ: ದವಡೆ ಹಲ್ಲು ಕೀಳಿಸಿ 2 ವರ್ಷ ಆಯ್ತು. ಈಗ ಇಂಪ್ಲಾಂಟ್‌ಗೆ (ಕೃತಕ ಹಲ್ಲು ಕೂರಿಸಲು ದವಡೆಗೆ ಹಾಕುವ ತಿರುಪಿಗೆ) ಮೂಳೆ ಸಾಲದು, ಹಸುವಿನ ಮೂಳೆ ಪುಡಿ ತುಂಬಬೇಕು ಅಂತಾರೆ. ಅಪ್ಪನ ಬೆನ್ನಿನ ಆಪರೇಷನ್‌ಗೆ ಅವರದೇ ಸೊಂಟದ ಮೂಳೆ ತೆಗೆದಿದ್ದರು. ನನಗ್ಯಾಕೆ ಹಾಗಲ್ಲ?

ಉತ್ತರ: ಹಲ್ಲು ಹೋದ ಜಾಗದ ಮೂಳೆ ಸುಮ್ನೆ ಇರುವುದಿಲ್ಲ, ಸವೆಯುತ್ತಾ ಹೋಗುತ್ತದೆ. ಆದರೂ ನಿಮಗೆ ಬೇಕಿರುವುದು ಸಾಮಾನ್ಯವಾಗಿ ಒಂದು ಚಮಚವೂ ಇಲ್ಲ. ಅಷ್ಟಕ್ಕೆ ಸೊಂಟ ಕೊಯ್ಯುವುದೇಕೆ? ಪುಡಿ ಅಂದರೂ ಅದು ನೋಡಲು ಕಲ್ಲುಪ್ಪಿನ ಚೂರಿನ ಹಾಗೆ. ಜೀವಾಂಶ ತೆಗೆದು ಖನಿಜದ ಚೌಕಟ್ಟನ್ನಷ್ಟೇ ಉಳಿಸಿರುತ್ತಾರೆ. ನಾನು ರೋಗಿಯ ರಕ್ತದಲ್ಲೇ ಅದನ್ನು ನೆನೆಸುತ್ತೇನೆ. ಒದ್ದೆ ಮರಳಿನಂತೆ ಅಂಟಿಕೊಳ್ಳುತ್ತದೆ, ತುಂಬುವುದು ಸುಲಭ. ಆ ಚೂರುಗಳ ನಡುವೆ ನಿಮ್ಮದೇ ಮೂಳೆ ಬೆಳೆಯಲು ತಿಂಗಳುಗಳು ಬೇಕು. ಹಸುವಿನದು ಬೇಡ ಅನ್ನಿಸಿದರೆ ಸಂಕೋಚವಿಲ್ಲದೆ ಹೇಳಿ, ಕ್ಯಾಲ್ಸಿಯಂ ಫಾಸ್ಫೇಟ್‌ನ ಕೃತಕ ಪುಡಿಯೂ ಇದೆ.

ಬೆನ್ನಿನ ಕತೆ ಬೇರೆ. ಅಲ್ಲಿ ಬೆನ್ನೆಲುಬಿನ ಎರಡು ಮಣಿಗಳು ಬೆಸೆದು ಒಂದಾಗಬೇಕು, ಮೂಳೆ ಜಾಸ್ತಿ ಬೇಕು. ಸ್ವಂತ ಮೂಳೆಯಲ್ಲಿ ಜೀವಕೋಶಗಳಿರುತ್ತವೆ, ಬೆಸೆಯಲು ಅವು ನೆರವಾಗುತ್ತವೆ. ಆದರೆ ಮೂಳೆ ತೆಗೆದ ಮೇಲೆ ಕೆಲವರಿಗೆ ಬೆನ್ನಿಗಿಂತ ಸೊಂಟದ ನೋವೇ ಕಾಡುತ್ತದೆ. ಅದನ್ನು ತಪ್ಪಿಸಲೆಂದು ಮೂಳೆ ಬೆಳೆಸುವ ಬಿಎಂಪಿ-2 ಪ್ರೋಟೀನ್ ಬಂತು. ಅಮೆರಿಕದಲ್ಲಿ 2002ರಲ್ಲಿ ಬೆನ್ನಿಗೆ, 2007ರಲ್ಲಿ ದವಡೆಗೆ ಒಪ್ಪಿಗೆ ಸಿಕ್ಕಿತು. 2008ರಲ್ಲೇ ಎಚ್ಚರಿಕೆಯೂ ಬಂತು: ಕತ್ತಿನಲ್ಲಿ ಬಳಸಿದಾಗ ಗಂಟಲು ಊದಿ ಉಸಿರಾಟಕ್ಕೇ ತೊಂದರೆ! 2013ರಲ್ಲಿ ಆ ಪ್ರೋಟೀನ್ ಮಾರುವ ಕಂಪನಿಯ ಅಂಕಿಅಂಶಗಳನ್ನೇ ಹೊರಗಿನವರು ಮತ್ತೆ ಪರಿಶೀಲಿಸಿದರು. ಸೊಂಟದ ಮೂಳೆಗಿಂತ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಅಂದಿನಿಂದ ಹೊಸ ಪುಡಿ ಹಿಡಿದು ಬರುವವರನ್ನು 'ಪರೀಕ್ಷೆಗೆ ದುಡ್ಡು ಯಾರದ್ದು?' ಅಂತ ಮೊದಲೇ ಕೇಳುತ್ತೇನೆ.

ಸಿಗರೇಟು ಸೇದುತ್ತೀರಾ? ನೀವು ಬರೆದಿಲ್ಲ. ಮೂಳೆ ಬೆಳೆಯಲು ಅದು ಅಡ್ಡಿ. ಸೇದುವುದಾದರೆ ಮೊದಲು ಅದು ನಿಲ್ಲಲಿ, ಯಾವ ಪುಡಿ ಅನ್ನೋದು ಆಮೇಲೆ.