ಬೂದಿ, ಜಡೆ, ಕದಿರು: ಹಳೆ ಕಥೆಯ ಹುಡುಗಿಯರು ನಮ್ಮೂರಿಗೆ ಬಂದರೆ

ಪ್ರಶ್ನೆ: ಶಾಲಾ ವಾರ್ಷಿಕೋತ್ಸವಕ್ಕೆ ಅರ್ಧ ಗಂಟೆಯ ನಾಟಕ ಬರೆಯುತ್ತಿದ್ದೇನೆ. ಸಿಂಡ್ರೆಲಾ ಈಗಿನ ದಾವಣಗೆರೆಯಲ್ಲಿದ್ದಾಳೆ ಎಂಬ ಕಲ್ಪನೆ. ಕೈಗೆ ಮೊಬೈಲ್, ಕಾಲಿಗೆ ಹೈಹೀಲ್ಡ್ ಕೊಟ್ಟೆ. ಆದರೂ ಕಥೆ ಮೇಲೇಳುತ್ತಿಲ್ಲ. ಎಲ್ಲಿ ಎಡವಿದ್ದೇನೆ?
– ಪ್ರೌಢಶಾಲಾ ಶಿಕ್ಷಕಿ, ದಾವಣಗೆರೆ

ಉತ್ತರ: ಮೊಬೈಲ್ ಹತ್ತಿರವೇ ಎಡವಿದ್ದೀರಿ, ಮೇಡಂ. ಫೋನಿದ್ದರೆ ಹುಡುಗ ಮೊದಲ ರಾತ್ರಿಯೇ ನಂಬರ್ ಕೇಳುತ್ತಾನೆ, ಚಪ್ಪಲಿ ಹಿಡಿದು ಮನೆಮನೆ ಅಲೆಯುವ ಪ್ರಸಂಗವೇ ಬರುವುದಿಲ್ಲ. ಮನೆಗೆಲ್ಲ ಒಂದೇ ಫೋನು, ಅದು ಸದಾ ಮಲತಾಯಿಯ ಕೈಯಲ್ಲಿ ಎಂದು ಮೊದಲ ದೃಶ್ಯದಲ್ಲೇ ತೋರಿಸಿಬಿಡಿ.

ಆಮೇಲೆ ಅವಳ ಹೆಸರು ನೋಡಿ. ಫ್ರಾನ್ಸಿನ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಕಥೆಯಲ್ಲೂ 1812ರ ಜರ್ಮನಿಯ ಗ್ರಿಮ್ ಸೋದರರ ಕಥೆಯಲ್ಲೂ ಅವಳ ಹೆಸರಿನಲ್ಲಿರುವುದು ಬೂದಿ. ಬಟ್ಟೆ ಬದಲಾಯಿಸಿ, ಊರು ಬದಲಾಯಿಸಿ, ಬೂದಿ ಮಾತ್ರ ಬಿಡಬೇಡಿ. ದಾವಣಗೆರೆಯಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಮಂಡಕ್ಕಿ ಭಟ್ಟಿ ಇದೆ. ಭತ್ತ ನೆನೆಸಿ, ಹುರಿದು, ಒಣಗಿಸಿ, ಮಿಲ್ಲಿನಲ್ಲಿ ಹೊಟ್ಟು ತೆಗೆಸಿದ ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿಗೆ ಸುರಿಯುತ್ತಾರೆ. ಕಾಳಿನೊಳಗಿನ ತೇವ ಆವಿಯಾಗಿ ಹಿಗ್ಗಿದಾಗ ಅಕ್ಕಿ ಅರಳುತ್ತದೆ. ಮರಳು ಸಾಲದಷ್ಟು ಕಾದಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ, ತೆಗೆಯುವುದು ತುಸು ತಡವಾದರೆ ಸೀದುಹೋಗುತ್ತದೆ. ಎರಡಕ್ಕೂ ಬೈಗುಳ ಅವಳಿಗೇ. ಗ್ರಿಮ್ ಕಥೆಯ ಮಲತಾಯಿ ಬೇಳೆಯನ್ನು ಬೂದಿಗೆ ಚೆಲ್ಲಿ, ಎರಡು ಗಂಟೆಯೊಳಗೆ ಆರಿಸಿಡು ಎನ್ನುತ್ತಾಳೆ. ನಿಮ್ಮವಳು ಜರಡಿ ಹಿಡಿದು ಮಂಡಕ್ಕಿಯಿಂದ ಮರಳು ಬೇರೆ ಮಾಡಲಿ.

ಗಾಜಿನ ಚಪ್ಪಲಿಯನ್ನೂ ಬಿಡಿ. ಐದನೇ ನಂಬರಿನ ಚಪ್ಪಲಿ ಊರಿನಲ್ಲಿ ಸಾವಿರ ಜನರ ಕಾಲಿಗೆ ಹಿಡಿಸುತ್ತದೆ. ಆದರೆ ದಿನಾ ಮೆಟ್ಟಿದ ಚಪ್ಪಲಿಯಲ್ಲಿ ಹೆಬ್ಬೆರಳು ಊರಿದ ಕಡೆ ಕಪ್ಪಗೆ ಗುಳಿ ಬಿದ್ದಿರುತ್ತದೆ, ಹಿಮ್ಮಡಿ ಒಂದೇ ಪಕ್ಕಕ್ಕೆ ಸವೆದಿರುತ್ತದೆ. ಅವಳದ್ದರಲ್ಲಿ ಇನ್ನೊಂದು ಗುರುತು: ಬಿಸಿ ಮರಳು ಸಿಡಿದು ಆದ ಸಾಸಿವೆಯಷ್ಟು ಸುಟ್ಟ ತೂತುಗಳು. ಕಲ್ಯಾಣ ಮಂಟಪದ ಮೆಟ್ಟಿಲ ಮೇಲೆ ಸಿಕ್ಕ ಚಪ್ಪಲಿಯನ್ನು ಹುಡುಗ ತಿರುಗಿಸಿ ನೋಡಲಿ. ಆ ತೂತುಗಳೇ ಅವನನ್ನು ಭಟ್ಟಿಗೆ ಕರೆದೊಯ್ಯುತ್ತವೆ. ಅಲ್ಲಿ ಎದುರಿಗೇ ನಿಂತವಳನ್ನು ಅವನು ಗುರುತಿಸದಿರುವುದೂ ಸಹಜ, ಧೂಳಿಗೆಂದು ಅವಳು ಮುಖಕ್ಕೆ ಬಟ್ಟೆ ಸುತ್ತಿಕೊಂಡಿರುತ್ತಾಳೆ. ನಮ್ಮ ಜನಪದ ಕಥೆಯ ಹಂಚಿಯೂ ಮಣ್ಣಿನ ಮುಖವಾಡದ ಹಿಂದೆ ಹೀಗೇ ಅಡಗಿದ್ದವಳು. ಅವಳನ್ನು ಓದಿಕೊಂಡರೆ ನಿಮ್ಮ ನಾಟಕದ ಮಾತಿಗೆ ಕನ್ನಡದ ಕಸುವು ಬರುತ್ತದೆ.

ರಂಗದ ಮೇಲೆ ಬೆಂಕಿ ಬೇಡವೇ ಬೇಡ. ಎಣ್ಣೆ ಡಬ್ಬದ ಒಂದು ಬದಿ ಕತ್ತರಿಸಿ ಒಳಗೆ ಕೆಂಪು ಎಲ್‌ಇಡಿ ಬಲ್ಬ್ ಇಡಿ. ಮುಖಕ್ಕೆ ನಿಜವಾದ ಬೂದಿ ಬಳಿದರೆ ಕಣ್ಣು ಉರಿಯುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕಾಡಿಗೆ ಸಾಕು.

ಪ್ರಶ್ನೆ: ರಪುಂಜೆಲ್‌ಳ ಜಡೆ ಹಿಡಿದು ಗೋಪುರ ಹತ್ತುವುದು ಸಾಧ್ಯವೇ? ಚಿತ್ರದುರ್ಗದ ಕೋಟೆಯಲ್ಲಿ ಅವಳನ್ನಿಟ್ಟು ಬರೆಯುವ ಆಸೆ.
– ಕಾಲೇಜು ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಕೂದಲಿಗೆ ಆ ಬಲವಿದೆ. ಒಂದೆಳೆ ಸುಮಾರು 100 ಗ್ರಾಂ ತಡೆಯುತ್ತದೆ, ತಲೆಯಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ಎಳೆ. ಸೋಲುವುದು ನೆತ್ತಿ ಮತ್ತು ಕತ್ತು. ಗ್ರಿಮ್ ಕಥೆ ಹೇಳಿದವರಿಗೆ ಇದು ಗೊತ್ತಿತ್ತು: ಅವಳು ಜಡೆಯನ್ನು ಮೊದಲು ಕಿಟಕಿಯ ಕೊಕ್ಕೆಗೆ ಸುತ್ತಿ, ಆಮೇಲೆ ಇಳಿಬಿಡುತ್ತಾಳೆ. ಭಾರವೆಲ್ಲ ಕೊಕ್ಕೆಗೆ ಹೋಗುತ್ತದೆ. ಇಷ್ಟು ಮುಖ್ಯವಾದ ಸಾಲನ್ನು ಈಗಿನ ಚಿತ್ರಪುಸ್ತಕಗಳಲ್ಲಿ ಬಿಟ್ಟುಬಿಡುವುದು ಬೇಸರದ ಸಂಗತಿ.

ಉದ್ದದ ಲೆಕ್ಕ ಮಾತ್ರ ಕೂಡಿಬರುವುದಿಲ್ಲ. ಕಥೆಯ 20 ಮೊಳ ಜರ್ಮನ್ ಅಳತೆಯಲ್ಲಿ ಸುಮಾರು 11 ಮೀಟರ್. ಕೂದಲು ವರ್ಷಕ್ಕೆ 15 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ 70 ವರ್ಷ ದಾಟಬೇಕು, ಅಷ್ಟರೊಳಗೆ ಪ್ರತಿ ಎಳೆಯೂ ಹಲವು ಸಲ ಉದುರಿ ಹೊಸದಾಗಿ ಹುಟ್ಟಿರುತ್ತದೆ.

ಕೋಟೆ ಈಗ ಸಂರಕ್ಷಿತ ಸ್ಮಾರಕ, ಅಲ್ಲಿ ಯಾರೂ ವಾಸವಿಲ್ಲ. ಅವಳನ್ನು ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿಡಿ, ಕಿಟಕಿಯಿಂದ ಕೋಟೆ ಕಾಣಲಿ. ತರಕಾರಿಯವನಿಗೆ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುವುದನ್ನು ನೋಡಿಯೇ ಇರುತ್ತೀರಿ. ಅವಳ ಜಡೆಯ ಕೆಲಸವನ್ನು ಆ ಬುಟ್ಟಿ ಮಾಡಲಿ. ಕೊತ್ತಂಬರಿ ಕಟ್ಟಿನ ಕೆಳಗೆ ಚೀಟಿ ಬರಬಹುದು, ಪುಸ್ತಕ ಬರಬಹುದು, ಕೊನೆಗೊಂದು ದಿನ ಬೀಗದ ಕೈಯೂ ಬರಬಹುದು.

ವೇದಿಕೆಗೆ ಜಡೆ ಬೇಕೇ ಬೇಕೆಂದರೆ ಕಪ್ಪು ಉಲ್ಲನ್ ದಾರ ತನ್ನಿ. ಹೆಣೆದಾಗ ಕುಗ್ಗುವುದರಿಂದ 3 ಮೀಟರ್ ಜಡೆಗೆ 4 ಮೀಟರ್ ಕತ್ತರಿಸಬೇಕು. ತುದಿಯನ್ನು ಕ್ಲಿಪ್ಪಿನಿಂದ ತಲೆಗೆ ಸಿಕ್ಕಿಸಿದರೆ ಸಾಲದು, ಸೊಂಟದ ಬೆಲ್ಟಿಗೂ ಬಿಗಿಯಿರಿ. ಯಾರಾದರೂ ಜಡೆ ತುಳಿದರೆ ಹುಡುಗಿಯ ಕತ್ತು ಉಳುಕುತ್ತದೆ.

ಪ್ರಶ್ನೆ: ನೂರು ವರ್ಷ ಮಲಗಿದ ರಾಜಕುಮಾರಿ ಈಗ ದಾವಣಗೆರೆಯಲ್ಲಿ ಎದ್ದರೆ ಮೊದಲು ಏನನ್ನು ನೋಡಿ ಬೆರಗಾಗುತ್ತಾಳೆ?
– ಓದುಗರು, ಹರಿಹರ

ಉತ್ತರ: ಬೆರಗಿಗಿಂತ ಗಲಿಬಿಲಿ ತೋರಿಸಿ. ಅವಳು 1925ರಲ್ಲಿ ಮಲಗಿದಳು ಎನ್ನಿ. ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದದ್ದು 1924ರ ಡಿಸೆಂಬರಿನಲ್ಲಿ. ಆದ್ದರಿಂದ ಮನೆಯಲ್ಲಿ ಚರಕ, ಕಥೆಯಲ್ಲಿ ಅವಳ ಬೆರಳಿಗೆ ಚುಚ್ಚಿ ಮಲಗಿಸುವ ಕದಿರು ಇರುವುದು ಸಹಜ. ಕಣ್ಣು ಬಿಟ್ಟವಳು ತನ್ನದು ಮೈಸೂರು ಸಂಸ್ಥಾನ, ಚಿತ್ರದುರ್ಗ ಜಿಲ್ಲೆ ಎನ್ನುತ್ತಾಳೆ. ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ, ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅಂಗಡಿಯಲ್ಲಿ ಎರಡು ಸೇರು ಅಕ್ಕಿ ಕೇಳಿ ಆಣೆ ಚಾಚುತ್ತಾಳೆ. ರೂಪಾಯಿಗೆ 16 ಆಣೆ ಹೋಗಿ 100 ಪೈಸೆಯಾದದ್ದು 1957ರಲ್ಲಿ. ಅಂಗಡಿಯಾತ ಆ ನಾಣ್ಯವನ್ನು ಬೆಳಕಿಗೆ ಹಿಡಿದು ನೋಡುವ ಗಳಿಗೆಯನ್ನು ನಿಧಾನವಾಗಿ ಬರೆಯಿರಿ. ಎದ್ದ ಕೂಡಲೇ ಮಾತ್ರ ಓಡಿಸಬೇಡಿ. ವಾರಗಟ್ಟಲೆ ಮಲಗಿದವರ ಸ್ನಾಯುಗಳೇ ಸೊರಗುತ್ತವೆ, ಗೋಡೆ ಹಿಡಿದು ನಡೆಯಲಿ.

ಪ್ರಶ್ನೆ: ಈ ಹುಡುಗಿಯರಿಗೆ ಎಷ್ಟು ವಯಸ್ಸು ಇಡಬೇಕು?
– ಗೃಹಿಣಿ, ಚಳ್ಳಕೆರೆ

ಉತ್ತರ: ಮೂಲದ ವಯಸ್ಸನ್ನು ಹಾಗೆಯೇ ತರಬೇಡಿ. ಗ್ರಿಮ್ ಕಥೆಯಲ್ಲಿ ಕನ್ನಡಿ ಹಿಮಬಿಳುಪಿಯನ್ನು (ಸ್ನೋ ವೈಟ್) ಹೊಗಳುವಾಗ ಅವಳಿಗೆ ಏಳು ವರ್ಷ, ಕದಿರು ಚುಚ್ಚಿಕೊಂಡವಳಿಗೆ ಹದಿನೈದು. ಕಥೆ ಮದುವೆಯಲ್ಲಿ ಮುಗಿಯುವುದಾದರೆ ಹದಿನೆಂಟು ತುಂಬಿರಲೇಬೇಕು, ಮಕ್ಕಳ ನಾಟಕದಲ್ಲಂತೂ ಇದು ಕಡ್ಡಾಯ. ಇಲ್ಲವೇ ಮದುವೆಯನ್ನೇ ಬಿಟ್ಟು ಪಿಯುಸಿ ಫಲಿತಾಂಶದ ದಿನಕ್ಕೆ ಪರದೆ ಎಳೆಯಿರಿ.