ಎಸ್‌ಎಸ್‌ಎಲ್‌ಸಿ ಆಯಿತು, ಮುಂದೆ ಇಂಜಿನಿಯರಿಂಗ್: ಪಿಯುಸಿಯಲ್ಲಿ ಪಿಸಿಎಂಸಿ ತೆಗೆದುಕೊಳ್ಳಲೇಬೇಕಾ?

ನೀವು ಕೇಳಿರುವುದು ಇಷ್ಟು: ಮಗಳು ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ್ದಾಳೆ, ಗಣಿತಕ್ಕೆ 84, ವಿಜ್ಞಾನಕ್ಕೆ 91 ಬಂದಿದೆ, ಕಂಪ್ಯೂಟರ್ ಸೈನ್ಸ್ ಬಿಇ ಮಾಡುವ ಆಸೆ. ಒಂದು ಕಾಲೇಜಿನವರು "ಪಿಸಿಎಂಸಿ ಇಲ್ಲದಿದ್ದರೆ ಸಿಎಸ್ ಸೀಟು ಸಿಗಲ್ಲ" ಅಂದಿದ್ದಾರೆ. ನೆಂಟರು "ಪಿಸಿಎಂಬಿ ತಗೊಳ್ಳಲಿ, ಮೆಡಿಕಲ್ ಬಾಗಿಲೂ ತೆರೆದಿರುತ್ತೆ" ಅನ್ನುತ್ತಿದ್ದಾರೆ. (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆ ನಾಲ್ಕನೆಯದು ಕಂಪ್ಯೂಟರ್ ಸೈನ್ಸ್ ಆದರೆ ಪಿಸಿಎಂಸಿ, ಜೀವಶಾಸ್ತ್ರ ಆದರೆ ಪಿಸಿಎಂಬಿ.)

ಕಾಲೇಜಿನವರು ಹೇಳಿದ್ದು ತಪ್ಪು. ನೆಂಟರು ಹೇಳಿದ್ದು ನಿಜ, ಆದರೆ ಆ ಬಾಗಿಲನ್ನು ತೆರೆದಿಡಲು ಎರಡು ವರ್ಷ ಎಷ್ಟು ಹೊತ್ತು ಕೊಡಬೇಕು ಅನ್ನುವುದನ್ನು ಅವರು ಹೇಳಿಲ್ಲ.

ಮೊದಲು ಸಿಇಟಿ (ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ರ‍್ಯಾಂಕ್ ಹೇಗೆ ಬರುತ್ತದೆ ನೋಡಿ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಇಂಜಿನಿಯರಿಂಗ್‌ಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ ತೂಕ, ಸಿಇಟಿಯಲ್ಲಿ ಅದೇ ಮೂರು ವಿಷಯಗಳ ಅಂಕಕ್ಕೆ ಇನ್ನರ್ಧ. ಪಿಯುಸಿಯ 300 ಅಂಕವನ್ನು 50ಕ್ಕೆ, ಸಿಇಟಿಯ 180 ಅಂಕವನ್ನು 50ಕ್ಕೆ ಇಳಿಸಿ ಕೂಡುತ್ತಾರೆ. ಸಿವಿಲ್ ಆಗಲಿ ಕಂಪ್ಯೂಟರ್ ಸೈನ್ಸ್ ಆಗಲಿ, ಇಂಜಿನಿಯರಿಂಗ್ ರ‍್ಯಾಂಕ್ ಒಂದೇ. ಈ ಲೆಕ್ಕದಲ್ಲಿ ನಾಲ್ಕನೇ ವಿಷಯಕ್ಕೆ ಜಾಗವೇ ಇಲ್ಲ. ಪಿಯುಸಿ ಕಂಪ್ಯೂಟರ್ ಸೈನ್ಸ್‌ನಲ್ಲಿ 100ಕ್ಕೆ 100 ಬಂದರೂ ರ‍್ಯಾಂಕ್ ಒಂದು ಹೆಜ್ಜೆಯೂ ಮೇಲೇರುವುದಿಲ್ಲ. ಕಾಮೆಡ್‌ಕೆ ಪರೀಕ್ಷೆಯೂ (ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ) ಹಾಗೆಯೇ: ಮೂರು ಗಂಟೆ, ವಿಷಯಕ್ಕೆ 60ರಂತೆ 180 ಪ್ರಶ್ನೆ, ಮತ್ತೆ ಅದೇ ಮೂರು ವಿಷಯ, ಅಲ್ಲಿ ರ‍್ಯಾಂಕ್‌ಗೆ ಪಿಯುಸಿ ಅಂಕವೂ ಬೇಡ.

ಅರ್ಹತೆಯ ನಿಯಮದಲ್ಲಿ ಮಾತ್ರ ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್, ಜೀವಶಾಸ್ತ್ರದ ಹೆಸರು ಬರುತ್ತದೆ. ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಮೂರನೆಯದಾಗಿ ರಸಾಯನಶಾಸ್ತ್ರದ ಬದಲು ಇವುಗಳಲ್ಲೊಂದನ್ನು ಹಿಡಿದು ಒಟ್ಟು ಶೇ 45, ಮೀಸಲಾತಿ ವರ್ಗಗಳಿಗೆ ಶೇ 40, ದಾಟಿದರೆ ಸಾಕು. ಬಹುಶಃ ಆ ಕಾಲೇಜಿನವರ ಮಾತಿನ ಮೂಲ ಈ ಸಾಲೇ ಇರಬೇಕು. ಆದರೆ ಇದು ಅರ್ಹತೆಯ ಗೆರೆ ದಾಟಿಸುವ ನಿಯಮ, ಸೀಟು ಕೊಡಿಸುವ ನಿಯಮ ಅಲ್ಲ.

ಹಾಗಾದರೆ ನಾಲ್ಕನೇ ವಿಷಯ ಯಾವುದಿರಲಿ? ಉಳಿದ ಮೂರಕ್ಕೆ ಅದು ಎಷ್ಟು ಸಮಯ ಬಿಟ್ಟುಕೊಡುತ್ತದೆ ಅನ್ನುವುದನ್ನೇ ನಾನು ಮೊದಲ ಅಳತೆಗೋಲು ಮಾಡಿಕೊಳ್ಳುತ್ತೇನೆ.

ಜೀವಶಾಸ್ತ್ರ ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಡುತ್ತದೆ. ಓದಬೇಕಾದ್ದು ಬಹಳ, ಚಿತ್ರ ಬರೆಯಬೇಕು, ಹೆಸರುಗಳನ್ನು ನೆನಪಿಡಬೇಕು, ಪ್ರಯೋಗಾಲಯದ ರೆಕಾರ್ಡ್ ಬೇರೆ. ವೈದ್ಯಕೀಯ, ಪಶುವೈದ್ಯಕೀಯ, ಬಿಎಸ್ಸಿ ಕೃಷಿ, ಇವುಗಳಲ್ಲಿ ಯಾವುದಾದರೂ ಒಂದರ ಮೇಲೆ ಮಗಳಿಗೆ ನಿಜವಾಗಿ ಮನಸ್ಸಿದ್ದರೆ ಪಿಸಿಎಂಬಿ ತೆಗೆದುಕೊಳ್ಳಲಿ, ಹೊತ್ತು ವ್ಯರ್ಥವಾಗುವುದಿಲ್ಲ. "ಇರಲಿ ಅಂತ" ತೆಗೆದುಕೊಂಡವರ ಕಥೆ ಬೇರೆ. ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದೇ. ಅದನ್ನು ಅರೆಮನಸ್ಸಿನಿಂದ ಓದಿ ವೈದ್ಯಕೀಯ ಸೀಟು ಸಿಗುವುದಿಲ್ಲ, ಅದಕ್ಕೆ ಕೊಟ್ಟ ಹೊತ್ತು ಗಣಿತದಿಂದ ಕಿತ್ತುಕೊಂಡದ್ದಾಗಿರುತ್ತದೆ. ಬಿ.ಫಾರ್ಮಾಗೆ ಜೀವಶಾಸ್ತ್ರ ಬೇಕೇಬೇಕು ಅನ್ನುವುದೂ ತಪ್ಪು ತಿಳಿವಳಿಕೆ. ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಗಣಿತ ಇದ್ದರೂ ನಡೆಯುತ್ತದೆ.

ಕಂಪ್ಯೂಟರ್ ಸೈನ್ಸ್‌ನ ಹೊರೆ ಹಗುರ. ಪೈಥಾನ್, ಸ್ಟಾಕ್ ಮತ್ತು ಕ್ಯೂ, ಎಸ್‌ಕ್ಯೂಎಲ್, ನೆಟ್‌ವರ್ಕ್, ಹೀಗೆ ಸಾಗುತ್ತದೆ. ಅಂಕ ಬರುತ್ತದೆ, ಕೋಡ್ ಬರೆಯುವುದು ತನಗೆ ಹಿಡಿಸುತ್ತದೋ ಇಲ್ಲವೋ ಅನ್ನುವುದು ಮಗಳಿಗೆ ಎರಡು ವರ್ಷ ಮೊದಲೇ ಗೊತ್ತಾಗುತ್ತದೆ. ಇದು ಸಣ್ಣ ಲಾಭವಲ್ಲ. ಆದರೂ ಬಿಇಗೆ ಇದು ಪೂರ್ವಸಿದ್ಧತೆಯ ಷರತ್ತಲ್ಲ. ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಬಿಇ ಮೊದಲ ವರ್ಷದಲ್ಲಿ ಪ್ರೋಗ್ರಾಮಿಂಗ್ ಅನ್ನು ಅ-ಆ-ಇ-ಈಯಿಂದಲೇ ಕಲಿಸುತ್ತಾರೆ. ಅದೇ ಮೊದಲ ವರ್ಷದಲ್ಲಿ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ (ಒಂದು ಸೆಮಿಸ್ಟರ್ ಭೌತಶಾಸ್ತ್ರ, ಇನ್ನೊಂದು ರಸಾಯನಶಾಸ್ತ್ರ) ಎರಡೂ ಇರುತ್ತವೆ, ಗಣಿತವಂತೂ ಎರಡೂ ಸೆಮಿಸ್ಟರ್‌ಗಳಲ್ಲಿ. ಸಿಎಸ್ ಸೇರಿದ ಮೇಲೆ ಮೊದಲ ವರ್ಷ ಎಡವುವವರು ಹೆಚ್ಚಾಗಿ ಗಣಿತದಲ್ಲಿ ಎಡವುತ್ತಾರೆ, ಪ್ರೋಗ್ರಾಮಿಂಗ್‌ನಲ್ಲಿ ಅಲ್ಲ.

ಸಂಖ್ಯಾಶಾಸ್ತ್ರ, ಅಂದರೆ ಪಿಸಿಎಂಎಸ್, ಬಗ್ಗೆ ಯಾರೂ ಹೇಳುವುದಿಲ್ಲ. ಸಿಗುವ ಕಾಲೇಜುಗಳೂ ಕಡಿಮೆ. ಡೇಟಾ ಸೈನ್ಸ್ ಕಡೆ ಒಲವಿದ್ದು ಹತ್ತಿರದಲ್ಲಿ ಒಳ್ಳೆಯ ಉಪನ್ಯಾಸಕರಿದ್ದರೆ ಅದನ್ನು ಖಂಡಿತ ಪರಿಗಣಿಸಿ. ಸಂಭವನೀಯತೆಯನ್ನು ಗಣಿತದಲ್ಲೂ ಓದುವುದರಿಂದ ಒಂದು ಇನ್ನೊಂದಕ್ಕೆ ಆಸರೆಯಾಗುತ್ತದೆ. ಎಲೆಕ್ಟ್ರಾನಿಕ್ಸ್ ಆದರೆ ಭೌತಶಾಸ್ತ್ರದ ಅರೆವಾಹಕಗಳ ಅಧ್ಯಾಯದ ಜೊತೆ ಹೊಂದಿಕೊಂಡು ಹೋಗುತ್ತದೆ, ಆದರೆ ಕಾಯಂ ಉಪನ್ಯಾಸಕರು ಇದ್ದಾರೆಯೇ ಎಂದು ಕೇಳಿಯೇ ಸೇರಿಸಿ.

ನಿಮ್ಮ ಮಗಳ ವಿಷಯಕ್ಕೆ ಬಂದರೆ, ಗುರಿ ಕಂಪ್ಯೂಟರ್ ಸೈನ್ಸ್ ಎಂದು ಅವಳೇ ಸ್ಪಷ್ಟವಾಗಿ ಹೇಳುತ್ತಿರುವಾಗ ನಾನು ಪಿಸಿಎಂಸಿ ಅನ್ನುತ್ತೇನೆ. ಕಾಲೇಜಿನವರು ಕೊಟ್ಟ ಕಾರಣಕ್ಕಲ್ಲ, ಉಳಿಯುವ ಸಮಯಕ್ಕಾಗಿ. ಹತ್ತಿರದ ಒಳ್ಳೆಯ ಕಾಲೇಜಿನಲ್ಲಿ ಪಿಸಿಎಂಬಿ ಮಾತ್ರ ಇದ್ದರೆ ಅದಕ್ಕಾಗಿ ದೂರದ ಹಾಸ್ಟೆಲ್‌ಗೆ ಕಳಿಸಬೇಡಿ.

ಈಗ ಅಂಕಗಳ ಲೆಕ್ಕ, ಇದನ್ನು ಕಾಗದದ ಮೇಲೆ ಮಾಡಿ ನೋಡಿ. ಪಿಯುಸಿಯಲ್ಲಿ 285, ಸಿಇಟಿಯಲ್ಲಿ 90 ಪಡೆದವರಿಗೆ 47.5 ಮತ್ತು 25, ಒಟ್ಟು 72.5. ಪಿಯುಸಿಯಲ್ಲಿ 240, ಸಿಇಟಿಯಲ್ಲಿ 120 ಪಡೆದವರಿಗೆ 40 ಮತ್ತು 33.33, ಒಟ್ಟು 73.33. ಬೋರ್ಡ್ ಪರೀಕ್ಷೆಯಲ್ಲಿ 45 ಅಂಕ ಹಿಂದಿದ್ದವರು ಮುಂದೆ ಹೋದರು. ಬೋರ್ಡಿನ ಒಂದು ಅಂಕಕ್ಕೆ 0.17 ಬೆಲೆ, ಸಿಇಟಿಯ ಒಂದು ಅಂಕಕ್ಕೆ 0.28. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. 80 ನಿಮಿಷಕ್ಕೆ 60 ಪ್ರಶ್ನೆ, ಪ್ರಶ್ನೆಗೆ 80 ಸೆಕೆಂಡು. ಗಣಿತದಲ್ಲಿ ಈ 80 ಸೆಕೆಂಡೇ ಮಕ್ಕಳನ್ನು ಸೋಲಿಸುವುದು. ರಸಾಯನಶಾಸ್ತ್ರದಲ್ಲಿ ಗೊತ್ತಿದ್ದರೆ 20 ಸೆಕೆಂಡಿಗೆ ಉತ್ತರ ಬರುತ್ತದೆ. "ಇಂಜಿನಿಯರಿಂಗ್‌ಗೆ ಕೆಮಿಸ್ಟ್ರಿ ಯಾಕೆ" ಎಂದು ಅದನ್ನು ಕಡೆಗಣಿಸುವವರು ಸುಲಭದ ಅಂಕಗಳನ್ನೇ ಕೈಬಿಡುತ್ತಾರೆ.

ಬೋರ್ಡಿನ ಅರ್ಧದಲ್ಲಿ ಎಲ್ಲರೂ ಮರೆಯುವ ಭಾಗ ಪ್ರಾಕ್ಟಿಕಲ್. ಭೌತಶಾಸ್ತ್ರಕ್ಕೆ 30, ರಸಾಯನಶಾಸ್ತ್ರಕ್ಕೆ 30, ಗಣಿತದ ಆಂತರಿಕ ಮೌಲ್ಯಮಾಪನಕ್ಕೆ 20. 300ರಲ್ಲಿ 80 ಅಂಕ, ಅಂದರೆ ಅಂತಿಮ 100ರಲ್ಲಿ 13ಕ್ಕೂ ಹೆಚ್ಚು, ಥಿಯರಿ ಪತ್ರಿಕೆ ಕೈಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ. ಕೋಚಿಂಗ್‌ಗೆ ಒತ್ತು ಕೊಡುವ ಎಷ್ಟೋ ಕಡೆ ಲ್ಯಾಬ್ ಅನ್ನು ಕೊನೆಗೆ ತಳ್ಳಿ ಕೆಲವೇ ದಿನಗಳಲ್ಲಿ ಓಡಿಸಿಬಿಡುತ್ತಾರೆ. ಆಗ ಮಕ್ಕಳು ಟೈಟ್ರೇಷನ್‌ನಲ್ಲಿ ತಿಳಿಗುಲಾಬಿ ಬಣ್ಣ ನಿಲ್ಲುವ ಹನಿ ಯಾವುದು ಎಂದು ಕಣ್ಣಿಂದ ಕಲಿಯುವುದಿಲ್ಲ, ಲವಣ ವಿಶ್ಲೇಷಣೆಯಲ್ಲಿ ಗುಂಪುಗಳ ಕ್ರಮ ತಪ್ಪಿಸುತ್ತಾರೆ. ಕಾಲೇಜು ನೋಡಲು ಹೋದಾಗ ವಾರಕ್ಕೆ ಎಷ್ಟು ಲ್ಯಾಬ್ ಅವಧಿ, ಒಂದು ಮೇಜಿಗೆ ಎಷ್ಟು ಮಕ್ಕಳು ಎಂದು ಕೇಳಿ. ಸಾಧ್ಯವಾದರೆ ಎರಡನೇ ವರ್ಷದವರ ರೆಕಾರ್ಡ್ ಪುಸ್ತಕ ನೋಡಿ; ಅದರಲ್ಲಿನ ದಿನಾಂಕಗಳು ನಿಜ ಹೇಳುತ್ತವೆ.

ಪ್ರಥಮ ಪಿಯುಸಿ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಆ ವರ್ಷದ ಅಂಕ ರ‍್ಯಾಂಕ್‌ಗೆ ಸೇರುವುದಿಲ್ಲ, ಆದರೆ ಆ ವರ್ಷದ ಪಾಠ ಸಿಇಟಿ, ಕಾಮೆಡ್‌ಕೆ, ಜೆಇಇ (ಎನ್‌ಐಟಿ, ಐಐಟಿಯಂಥ ಕೇಂದ್ರ ಸಂಸ್ಥೆಗಳ ಪ್ರವೇಶ ಪರೀಕ್ಷೆ) ಮೂರರಲ್ಲೂ ಬರುತ್ತದೆ. ಇದಕ್ಕಿಂತ ಕಷ್ಟದ ಸಂಗತಿ ಎರಡು ವಿಷಯಗಳು ಒಟ್ಟಿಗೆ ನಡೆಯದಿರುವುದು. ಭೌತಶಾಸ್ತ್ರದ ಪುಸ್ತಕ ಮೊದಲ ಕೆಲವೇ ವಾರಗಳಲ್ಲಿ, ಚಲನೆಯ ಪಾಠದಲ್ಲೇ, ವೆಕ್ಟರ್ ಮತ್ತು ಅವಕಲನ (ಡಿಫರೆನ್ಷಿಯೇಷನ್) ಬಳಸುತ್ತದೆ. ಗಣಿತದಲ್ಲಿ ಅವಕಲನ ಬರುವುದು ಅದೇ ವರ್ಷದ ಕೊನೆಗೆ, ವೆಕ್ಟರ್ ಬರುವುದು ಎರಡನೇ ವರ್ಷ. "ಫಿಸಿಕ್ಸ್ ಅರ್ಥವಾಗ್ತಿಲ್ಲ" ಎಂದು ಜುಲೈನಲ್ಲಿ ಅಳುವ ಎಷ್ಟೋ ಮಕ್ಕಳಿಗೆ ಅರ್ಥವಾಗದಿರುವುದು ಫಿಸಿಕ್ಸ್ ಅಲ್ಲ, ಇನ್ನೂ ಯಾರೂ ಕಲಿಸದ ಗಣಿತ.

ಅದಕ್ಕೇ ಈ ರಜೆಯನ್ನು ಹೀಗೆ ಬಳಸಿ. ಪ್ರಥಮ ಪಿಯುಸಿಯ ಎನ್‌ಸಿಇಆರ್‌ಟಿ ಗಣಿತ ಪುಸ್ತಕ ತಂದು ತ್ರಿಕೋನಮಿತಿಯ ಅಧ್ಯಾಯವನ್ನು ದಿನಕ್ಕೆ ಒಂದೂವರೆ ಗಂಟೆಯಂತೆ 10 ದಿನ ಮಾಡಿಸಿ. ಆಮೇಲೆ ವೆಕ್ಟರ್ ಕೂಡುವುದು, ಘಟಕಗಳಾಗಿ ಬಿಡಿಸುವುದು, ಎಕ್ಸ್‌ನ ಘಾತದ ಅವಕಲನ, ಇಷ್ಟಕ್ಕೆ ಇನ್ನೊಂದು ವಾರ. ಉದಾಹರಣೆ ನೋಡಿಕೊಂಡು ಅಭ್ಯಾಸದ ಅರ್ಧದಷ್ಟು ಲೆಕ್ಕ ತಾನೇ ಬಿಡಿಸಿದರೆ ವಿಜ್ಞಾನಕ್ಕೆ ಧೈರ್ಯವಾಗಿ ಸೇರಿಸಿ; ಗಣಿತದ 84 ಅದಕ್ಕೆ ಅಡ್ಡಿಯಲ್ಲ. ಉತ್ತರ ಬರದಿದ್ದಾಗ ಮತ್ತೆ ಕೂರುತ್ತಾಳೋ, ಪುಸ್ತಕ ಮುಚ್ಚುತ್ತಾಳೋ ಅನ್ನುವುದನ್ನೂ ಗಮನಿಸಿ. ಪುಸ್ತಕ ಮುಚ್ಚುವುದೇ ಹೆಚ್ಚಾದರೆ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿ, ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರುವ ದಾರಿಯೂ ಇದೆ. ಅದು ಕೆಳಗಿನ ದಾರಿಯಲ್ಲ, ಕೈಯಿಂದ ಮಾಡಿ ಕಲಿಯುವವರಿಗೆ ಹೊಂದುವ ದಾರಿ.

ಕನ್ನಡ ಮಾಧ್ಯಮದಿಂದ ಬಂದವಳಾದ್ದರಿಂದ ಪದಗಳ ಒಂದು ನೋಟ್‌ಬುಕ್ ಮಾಡಿಸಿ: ಜವ ಅಂದರೆ ಸ್ಪೀಡ್, ವೇಗ ಅಂದರೆ ವೆಲಾಸಿಟಿ, ವೇಗೋತ್ಕರ್ಷ ಅಂದರೆ ಆಕ್ಸಿಲರೇಷನ್, ಸಂವೇಗ ಅಂದರೆ ಮೊಮೆಂಟಮ್, ಜಡತ್ವ ಅಂದರೆ ಇನರ್ಷಿಯಾ. ಇಂಥ 200 ಪದ ಕಾಲೇಜು ಶುರುವಾಗುವ ಮೊದಲೇ ಕಣ್ಣಿಗೆ ಬಿದ್ದಿದ್ದರೆ ಮೊದಲ ಎರಡು ತಿಂಗಳ ಗಾಬರಿ ಬಹಳ ಕಡಿಮೆಯಾಗುತ್ತದೆ. ವಿಷಯ ಅವಳಿಗೆ ಗೊತ್ತಿರುತ್ತದೆ, ಗೊತ್ತಿಲ್ಲದಿರುವುದು ಅದರ ಹೊಸ ಹೆಸರು. ಜೆಇಇ ಮೇನ್ ಪ್ರಶ್ನೆಪತ್ರಿಕೆ 2021ರಿಂದ ಕನ್ನಡದಲ್ಲೂ ಸಿಗುತ್ತಿದೆ. ಜೆಇಇ ಮೂಲಕ ಸುರತ್ಕಲ್‌ನ ಎನ್‌ಐಟಿಯಂಥ ಕಡೆ ಸೇರಬೇಕೆಂದರೆ ದ್ವಿತೀಯ ಪಿಯುಸಿಯಲ್ಲಿ ಶೇ 75, ಪರಿಶಿಷ್ಟರಿಗೆ ಶೇ 65, ಇರಬೇಕು, ಇಲ್ಲವೇ ಬೋರ್ಡಿನ ಮೇಲಿನ ಶೇ 20ರೊಳಗೆ ಬರಬೇಕು. ಆ ಶೇಕಡಾವಾರಿಗೆ ಮೂರು ವಿಷಯಗಳ ಜೊತೆ ಒಂದು ಭಾಷೆ, ಮತ್ತೊಂದು ವಿಷಯ ಸೇರುತ್ತವೆ. ನಾಲ್ಕನೇ ವಿಷಯದ ಅಂಕ ನೆರವಿಗೆ ಬರುವುದು ಇಲ್ಲಿ.

ಹಳೆಯ ಗೈಡುಗಳನ್ನು ಕೊಳ್ಳುವಾಗ ಒಂದು ಎಚ್ಚರ. ಘನಸ್ಥಿತಿ, ಪಾಲಿಮರ್, ಸಂವಹನ ವ್ಯವಸ್ಥೆಯಂಥ ಅಧ್ಯಾಯಗಳನ್ನು ಎನ್‌ಸಿಇಆರ್‌ಟಿ ಕೈಬಿಟ್ಟಿದೆ. 2024ರ ಸಿಇಟಿಯಲ್ಲಿ ಪಠ್ಯದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆಯಬೇಕಾಗಿ ಬಂತು. ಪ್ರತಿವರ್ಷ ಪ್ರಕಟವಾಗುವ ಪಠ್ಯಕ್ರಮವನ್ನು ಮುದ್ರಿಸಿ ಗೋಡೆಗೆ ಅಂಟಿಸಿ, ಅದರಲ್ಲಿ ಇಲ್ಲದ್ದಕ್ಕೆ ಗೈಡಿನಲ್ಲಿ ಗೆರೆ ಹೊಡೆಯಿರಿ.

ಇನ್ನೊಂದು ಕೆಲಸ ಈಗಲೇ ಮಾಡಿಬಿಡಿ. ಸಿಇಟಿ ಸೀಟುಗಳಲ್ಲಿ 1ರಿಂದ 10ನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಅದೇ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15 ಮೀಸಲಾತಿ ಇದೆ. ಪಿಯುಸಿಯನ್ನು ಪಟ್ಟಣದಲ್ಲಿ, ಇಂಗ್ಲಿಷಿನಲ್ಲಿ ಓದಿದರೂ ಈ ಹಕ್ಕು ಹೋಗುವುದಿಲ್ಲ. ವರ್ಗಾವಣೆ ಪತ್ರ ತರಲು ಶಾಲೆಗೆ ಹೋಗುವ ದಿನವೇ ಹತ್ತೂ ವರ್ಷದ ವ್ಯಾಸಂಗ ದಾಖಲೆ ಕೇಳಿ. ಪ್ರಾಥಮಿಕ ಶಾಲೆ ಬೇರೆಯಾಗಿದ್ದರೆ ಅಲ್ಲಿಂದಲೂ ತನ್ನಿ, ಹೆಸರಿನ ಕಾಗುಣಿತ ಎಲ್ಲದರಲ್ಲೂ ಅಂಕಪಟ್ಟಿಯಂತೆಯೇ ಇದೆಯೇ ನೋಡಿ. ತಪ್ಪಿದ್ದರೆ ಮುಖ್ಯೋಪಾಧ್ಯಾಯರ ಹತ್ತಿರ ಅಲ್ಲೇ ಸರಿಮಾಡಿಸಿಕೊಂಡು ಬನ್ನಿ.