ಎನ್‌ಎಂಆರ್ ಮೂಲ ಡೇಟಾ ಹೊರದೇಶದ ರೆಪಾಸಿಟರಿಗೆ ಹಾಕಬೇಕಾ?

ಕೊಪ್ಪಳದಿಂದ ಕೇಳಿದ್ದೀರಿ: ಕೆಮಿಸ್ಟ್ರಿ ಪಿಎಚ್‌ಡಿ ಎರಡನೇ ವರ್ಷ, ಜರ್ನಲ್‌ನವರು ಎನ್‌ಎಂಆರ್‌ನ (ಅಣುವಿನ ರಚನೆ ತಿಳಿಸೋ ಪರೀಕ್ಷೆ) ಮೂಲ ಡೇಟಾ ರೆಪಾಸಿಟರಿಗೆ (ಡೇಟಾ ಕೂಡಿಡೋ ಆನ್‌ಲೈನ್ ಭಂಡಾರ) ಹಾಕಿ ಅಂತಿದ್ದಾರೆ, ಹೊರದೇಶದ ಸರ್ವರ್‌ಗೆ ಕೊಟ್ಟ ಮೇಲೆ ಯಾರಾದರೂ ಕದ್ದರೆ ಏನು ಗತಿ?

ಹಾಕ್ರಿ. ಆದರೆ ಮೂಲ ಡೇಟಾ ನಿಮ್ಮ ಹತ್ತಿರ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ನನ್ನ ಹತ್ತಿರ ಇರಲಿಲ್ಲ.

ನಾನು ಬಳ್ಳಾರಿಯಲ್ಲಿ ಷಿಫ್ ಬೇಸ್ ಅನ್ನೋ ಸಾವಯವ ಸಂಯುಕ್ತಗಳ ಮೇಲೆ ಕೆಲಸ ಮಾಡಿದವನು. ಸ್ಯಾಂಪಲ್ ಪುಟ್ಟ ಬಾಟಲಿಗೆ ತುಂಬಿ, ಚೀಟಿ ಅಂಟಿಸಿ ಎನ್‌ಎಂಆರ್‌ಗೆ ಬೇರೆ ಊರಿನ ಲ್ಯಾಬಿಗೆ ಕಳಿಸುತ್ತಿದ್ದೆ. ವಾಪಸ್ ಬರುತ್ತಿದ್ದದ್ದು ಗ್ರಾಫಿನ ಒಂದು ಪಿಡಿಎಫ್. ಪೇಪರ್ ಕಳಿಸಿದಾಗ ರಿವ್ಯೂವರ್ ಒಬ್ಬರು ಒಂದು ಪೀಕ್ ಮೇಲೆ ಅನುಮಾನಪಟ್ಟು ಎಫ್‌ಐಡಿ, ಅಂದರೆ ಉಪಕರಣ ದಾಖಲಿಸಿದ ಕಚ್ಚಾ ಸಿಗ್ನಲ್, ಕೇಳಿದರು. ಲ್ಯಾಬಿಗೆ ಫೋನ್ ಹಚ್ಚಿದರೆ, "ಹಾರ್ಡ್ ಡಿಸ್ಕ್ ತುಂಬಿತ್ತು ಸರ್, ಅಳಿಸಿಬಿಟ್ವಿ."

ಸರಿ, ಸಂಯುಕ್ತವನ್ನೇ ಮತ್ತೆ ಮಾಡೋಣ ಅಂತ ಕೂತೆ. ನೋಟ್‌ಬುಕ್ಕಿನಲ್ಲಿ ನನ್ನದೇ ಅಕ್ಷರ: "ಆರ್‌ಟಿ, ಓವರ್‌ನೈಟ್", ಅಂದರೆ ಕೋಣೆಯ ಉಷ್ಣಾಂಶದಲ್ಲಿ ರಾತ್ರಿಯಿಡೀ. ಯಾವ ಆರ್‌ಟಿ ಮಾರಾಯ? ಡಿಸೆಂಬರ್ ಬೆಳಗಿನದಾ, ಏಪ್ರಿಲ್‌ನಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತ ಮಧ್ಯಾಹ್ನದ 40 ಡಿಗ್ರಿಯದಾ? (ಈಥರ್ ಕುದಿಯೋದೇ 35ರ ಹತ್ತಿರ, ನಮ್ಮ ಬೇಸಿಗೆಯಲ್ಲಿ ಅದರ ಬಿರಡೆ ತೆಗೆಯೋಕೂ ಹೆದರಿಕೆ.) ಬರೆದ ನನಗೇ ತಿಳಿಯದ್ದು ಜರ್ಮನಿಯಲ್ಲಿ ಕೂತವರಿಗೆ ಹೇಗೆ ತಿಳಿಯಬೇಕು?

ಒಬ್ಬರ ಡೇಟಾ ಇನ್ನೊಬ್ಬರಿಗೂ ತಿಳಿಯಲಿ ಅಂತಲೇ ದೇಶದೇಶದವರು ಸೇರಿ ಒದ್ದಾಡುತ್ತಿರೋದು. ಹರಳಿನ ರಚನೆ ನೋಡುವವರು ಬಲು ಮುಂದು: ಕೇಂಬ್ರಿಡ್ಜ್ ಡೇಟಾಬೇಸ್ 1965ರಿಂದ ಇದೆ, ಸಿಐಎಫ್ ಅನ್ನೋ ಒಂದೇ ಫೈಲ್ ರೂಪ 1991ರಲ್ಲಿ ಬಂತು. ಸಂಯುಕ್ತದ ಗುರುತಿಗೆ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಘ ಐಯುಪಿಎಸಿಯ ಇಂಚಿ ಅನ್ನೋ ಸಂಕೇತ 2005ರಿಂದ ಇದೆ. ನೀವು ಆಸ್ಪಿರಿನ್ ಅನ್ನಿ, ಅಸಿಟೈಲ್ ಸ್ಯಾಲಿಸಿಲಿಕ್ ಆಸಿಡ್ ಅನ್ನಿ, ಅದರ ಇಂಚಿ ಕೀ (ಇಂಚಿಯ ಚಿಕ್ಕ ರೂಪ) ಅದೇ 27 ಅಕ್ಷರ. ಆದರೆ ನಿಮ್ಮದು ತಾಮ್ರ, ಕೋಬಾಲ್ಟ್ ಥರದ ಲೋಹ ಸೇರಿದ ಸಂಕೀರ್ಣಗಳಾದರೆ ಹುಷಾರು. ಸ್ಟ್ಯಾಂಡರ್ಡ್ ಇಂಚಿಯ ಹಳೇ ನಿಯಮ ಲೋಹದ ಬಂಧಗಳನ್ನು ಕತ್ತರಿಸಿಬಿಡುತ್ತೆ, ರಚನೆಯ ಫೈಲನ್ನೂ ಜೊತೆಗಿಡಿ. ಎನ್‌ಎಂಆರ್ ಮಾತ್ರ ಇನ್ನೂ ಗೋಜಲು. ಅದಕ್ಕೆ ಜೆಕ್ಯಾಂಪ್ ಅನ್ನೋ ಸಾಮಾನ್ಯ ಫೈಲ್ ರೂಪ 1993ರಿಂದ ಇದ್ದರೂ ಒಂದೊಂದು ಕಂಪನಿ ಉಪಕರಣದ್ದು ಒಂದೊಂದು ಥರದ ಫೈಲು. ಜರ್ಮನಿಯ ಎನ್‌ಎಫ್‌ಡಿಐ ಫಾರ್ ಕೆಮ್ ಅನ್ನೋ ಕೆಮಿಸ್ಟ್ರಿ ಡೇಟಾ ಯೋಜನೆ 2020ರಿಂದ ಇದರ ಹಿಂದೆ ಬಿದ್ದಿದೆ, ಐಯುಪಿಎಸಿಯದೂ ಒಂದು ಯೋಜನೆ ಇದೆ.

ಕಳ್ಳತನದ ವಿಷಯ: ಝೆನೊಡೊ ಅನ್ನೋ ರೆಪಾಸಿಟರಿ ನೋಡಿ, ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ ನಡೆಸುತ್ತೆ, ಕಾಸಿಲ್ಲ. ಹಾಕಿದ ದಿನಾಂಕದ ಸಮೇತ ಡಿಒಐ (ಶಾಶ್ವತ ಗುರುತಿನ ಸಂಖ್ಯೆ) ಸಿಗುತ್ತೆ, ಪೇಪರ್ ಬರೋ ತನಕ ಫೈಲು ಮುಚ್ಚಿಡಬಹುದು. ನನ್ನ ಮಟ್ಟಿಗೆ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಕೂರೋದಕ್ಕಿಂತ ಇದೇ ದೊಡ್ಡ ಸಾಕ್ಷಿ. ಪೇಟೆಂಟ್ ಆಲೋಚನೆ ಇದ್ದರೆ ಮಾತ್ರ ಮೊದಲು ಗೈಡ್ ಹತ್ತಿರ ಮಾತಾಡಿ.

ಮುಂದಿನ ಸಲ ಸ್ಯಾಂಪಲ್ ಕಳಿಸುವಾಗ ಚೀಟಿಯಲ್ಲೇ ಬರೆಯಿರಿ: "ಪಿಡಿಎಫ್ ಸಾಲದು, ಪೂರ್ತಿ ಫೋಲ್ಡರ್ ಜಿಪ್ ಮಾಡಿ ಕೊಡಿ." ಬ್ರೂಕರ್ ಕಂಪನಿಯ ಉಪಕರಣವಾದರೆ ಒಳಗೆ ಎಫ್‌ಐಡಿ ಅನ್ನೋ ಫೈಲ್ ಇದೆಯಾ ಅಂತ ಅವತ್ತೇ ತೆಗೆದು ನೋಡಿ. ಮತ್ತೆ ಒಂದು ಥರ್ಮಾಮೀಟರ್ ತಂದು ಫ್ಯೂಮ್ ಹುಡ್ ಪಕ್ಕ ನೇತುಹಾಕ್ರಿ.